ಗರ್ಭಗುಡಿಗೆ ನುಗ್ಗಿದ ಕಾವಲುಗಾರ



ನಿಮ್ಮಲ್ಲಿ ವಯಸ್ಸು ನಲವತ್ತೈದು ದಾಟಿದವರಿಗೆ ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಇಂಜೆಕ್ಷನ್ನಿನ ನೆನಪು ಇದ್ದೇ ಇರುತ್ತದೆ. ನಾಯಿ ಕಚ್ಚಿದವನು ದಿನಾ ಬೆಳಿಗ್ಗೆ ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಅಂಗಿ ಎತ್ತಿ ಹೊಟ್ಟೆ ತೋರಿಸಬೇಕು, ಇವತ್ತು ಬಲಕ್ಕೆ, ನಾಳೆ ಎಡಕ್ಕೆ. ನಮ್ಮೂರ ಮಕ್ಕಳಿಗೆ ನಾಯಿಗಿಂತ ಆ ಸೂಜಿಯ ಭಯವೇ ಹೆಚ್ಚಾಗಿತ್ತು. ಕಚ್ಚಿದ್ದನ್ನು ಮನೆಯಲ್ಲಿ ಹೇಳದೆ ಮುಚ್ಚಿಟ್ಟವರೂ ಇದ್ದರು.

ಆ ಸೀಸೆಯೊಳಗೆ ಇದ್ದದ್ದು ಕುರಿಯ ಮಿದುಳು. ರೇಬೀಸ್ ವೈರಸ್ಸನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಮಿದುಳನ್ನು ಅರೆದು, ವೈರಸ್ಸನ್ನು ಕೊಂದು ಸಿದ್ಧ ಮಾಡಿದ ಲಸಿಕೆ ಅದು. ವಿಧಾನವನ್ನು ರೂಪಿಸಿದವನು ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ಸೇನಾ ವೈದ್ಯ, 1911ರಲ್ಲಿ. ದಕ್ಷಿಣದಲ್ಲಿ ಅದನ್ನು ತಯಾರಿಸುತ್ತಿದ್ದದ್ದು ನೀಲಗಿರಿಯ ಕುನ್ನೂರಿನ ಪಾಶ್ಚರ್ ಸಂಸ್ಥೆ. ಎಷ್ಟೋ ಜೀವ ಉಳಿಸಿದ ಲಸಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಕಿಸಿಕೊಂಡವರಲ್ಲಿ ಕೆಲವೇ ಕೆಲವರಿಗೆ ಒಂದೆರಡು ವಾರ ಕಳೆಯುವಷ್ಟರಲ್ಲಿ ಕಾಲು ಸೋಲುತ್ತಿತ್ತು, ಮೂತ್ರ ಕಟ್ಟುತ್ತಿತ್ತು, ಕೆಲವರಿಗೆ ಪ್ರಜ್ಞೆ ತಪ್ಪಿ ಫಿಟ್ಸ್ ಬರುತ್ತಿತ್ತು. ಜನ ಅದನ್ನು ನಾಯಿಯ ವಿಷ ಏರಿತು ಎಂದುಕೊಂಡರು. ವಿಷ ಏರಿರಲಿಲ್ಲ. ದಿನಾ ದಿನಾ ಕುರಿಯ ಮಿದುಳನ್ನು ಚರ್ಮದಡಿ ಚುಚ್ಚಿಸಿಕೊಂಡ ದೇಹ ವೈರಸ್ಸಿನ ಜೊತೆಗೆ ಮಿದುಳನ್ನೂ ಶತ್ರುವೆಂದು ಬರೆದಿಟ್ಟುಕೊಂಡಿತ್ತು. ಆಮೇಲೆ ತನ್ನದೇ ಮಿದುಳಿನ ಮೇಲೆ ಕೈಮಾಡಿತ್ತು. 1930ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ವೈರಸ್ಸೇ ಇಲ್ಲದ ಬರಿಯ ಮೊಲದ ಮಿದುಳನ್ನು ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿ, ಅದೇ ರೋಗವನ್ನು ಬರಿಸಿ ತೋರಿಸಿದ. ನಮ್ಮ ದೇಶ ಕುರಿ ಮಿದುಳಿನ ಲಸಿಕೆಯನ್ನು ಪೂರ್ತಿ ಕೈಬಿಟ್ಟದ್ದು 2004ರ ಕೊನೆಯಲ್ಲಿ. ಈಗಿನದು ತೋಳಿಗೆ ಹಾಕುವ ಬೇರೆಯೇ ಲಸಿಕೆ. ಅದಕ್ಕೆ ಹೆದರಬೇಕಾದ್ದಿಲ್ಲ, ನಾಯಿ ಕಚ್ಚಿದರೆ ತಡಮಾಡದೆ ಹಾಕಿಸಿಕೊಳ್ಳಿ. ಇಷ್ಟು ಹೇಳದೆ ಮುಂದೆ ಹೋದರೆ ನಾನು ವೈದ್ಯನಾಗಿ ತಪ್ಪು ಮಾಡಿದಂತೆ.

ಇವತ್ತಿನ ನನ್ನ ವಿಷಯ ರೇಬೀಸ್ ಅಲ್ಲ. ದೇಹದ ಕಾವಲುಪಡೆಗೂ ಮಿದುಳಿಗೂ ಅಪಸ್ಮಾರಕ್ಕೂ ಇರುವ ನಂಟು, ಮತ್ತು ಆ ನಂಟಿನ ಒಂದು ಎಳೆಯನ್ನು ಬಿಡಿಸಿದ ಜೋಸೆಪ್ ದಲ್ಮಾವ್ ಎಂಬ ನರರೋಗ ವೈದ್ಯ. ಸ್ಪೇನಿನ ಕ್ಯಾಟಲೋನಿಯಾದವರು, ಮುಖ್ಯ ಕೆಲಸ ಮಾಡಿದ್ದು ಅಮೆರಿಕದಲ್ಲಿ, ಮುಂದೆ ಬಾರ್ಸಿಲೋನಾಕ್ಕೆ ಮರಳಿದರು. ಕುರಿ ಮಿದುಳಿನ ಕತೆಯಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ನಾನು ವೈದ್ಯಕೀಯ ಓದುವಾಗ ಈ ಅವಘಡವನ್ನು ಒಂದು ಪುಟದಲ್ಲಿ ಓದಿದೆವು, ಮುಂದಿನ ಪುಟದಲ್ಲಿ ‘ರೋಗನಿರೋಧಕ ವ್ಯವಸ್ಥೆಗೆ ಮಿದುಳಿನೊಳಗೆ ಪ್ರವೇಶವಿಲ್ಲ’ ಎಂದು ಓದಿದೆವು. ಎರಡೂ ಒಟ್ಟಿಗೆ ಹೇಗೆ ನಿಜವಾದೀತು ಎಂದು ನಾವ್ಯಾರೂ ಕೇಳಲಿಲ್ಲ.

ಆ ನಂಬಿಕೆ ಬಂದದ್ದು ಹೀಗೆ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದ. ಯಕೃತ್ತು, ಮೂತ್ರಪಿಂಡ, ಸ್ನಾಯು, ಎಲ್ಲವೂ ಬಣ್ಣಕ್ಕೆ ತಿರುಗಿದವು. ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಗೋಡೆಯಿದೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. 1948ರಲ್ಲಿ ಇಂಗ್ಲೆಂಡಿನ ಪೀಟರ್ ಮೆಡಾವರ್ ಒಂದು ಮೊಲದ ಚರ್ಮದ ಚೂರನ್ನು ಇನ್ನೊಂದು ಮೊಲದ ಮಿದುಳಿನೊಳಗೆ ಕಸಿ ಮಾಡಿದ. ಮೈಮೇಲೆ ಕಸಿ ಮಾಡಿದ್ದರೆ ದೇಹ ಅದನ್ನು ಕೆಲವೇ ದಿನಗಳಲ್ಲಿ ಕೊಳೆಸಿ ಉದುರಿಸುತ್ತಿತ್ತು. ಮಿದುಳಿನೊಳಗೆ ಅದು ಹಾಯಾಗಿ ಉಳಿಯಿತು. ಸರಿ, ಮಿದುಳು ಎಂದರೆ ದೇವಸ್ಥಾನದ ಗರ್ಭಗುಡಿ ಎಂದಾಯಿತು. ಪೊಲೀಸರ ಬೂಟಿಗೆ ಅಲ್ಲಿ ಅಪ್ಪಣೆಯಿಲ್ಲ.

ಆದರೆ ಮೆಡಾವರನ ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಆ ಮೊಲಕ್ಕೆ ಅದೇ ಚರ್ಮವನ್ನು ಮೊದಲೇ ಮೈಮೇಲೆ ಕಸಿ ಮಾಡಿ ಪರಿಚಯ ಮಾಡಿಸಿದ್ದರೆ, ಮಿದುಳಿನೊಳಗಿನ ಚೂರು ಕೂಡ ಬದುಕುತ್ತಿರಲಿಲ್ಲ. ಹೊರಗೆ ಎಲ್ಲಾದರೂ ಒಮ್ಮೆ ಗುರುತು ಹಿಡಿದರೆ ಸಾಕು, ಕಾವಲುಗಾರ ಗರ್ಭಗುಡಿಯೊಳಗೂ ಬಂದು ಹುಡುಕುತ್ತಾನೆ. ಸೆಂಪಲ್ ಲಸಿಕೆಯಲ್ಲಿ ಆದದ್ದು ಅದೇ. ದಲ್ಮಾವ್ ಕಂಡ ಹೆಣ್ಣುಮಕ್ಕಳಲ್ಲಿ ಆದದ್ದೂ ಅದೇ.

ಅಲ್ಲಿಗೆ ಹೋಗುವ ಮೊದಲು ಫಿಟ್ಸ್ ಬಗ್ಗೆ ಎರಡು ಮಾತು. ಮಿದುಳಿನ ಕೋಶಗಳು ಒಂದರೊಡನೊಂದು ಸಣ್ಣ ವಿದ್ಯುತ್ತಿನಲ್ಲಿ ಮಾತಾಡುತ್ತವೆ. ಸಂತೆಯಲ್ಲಿ ಸಾವಿರ ಜನ ಸಾವಿರ ಮಾತಾಡುವ ಹಾಗೆ ಅದು ಎಡಬಿಡದ ಗುಜುಗುಜು. ಸಂತೆಯವರೆಲ್ಲ ಇದ್ದಕ್ಕಿದ್ದಂತೆ ಒಂದೇ ಉಸಿರಿಗೆ ಒಂದೇ ಕೂಗು ಹಾಕಿದರೆ ಅದು ಫಿಟ್ಸ್. ಅದು ಮತ್ತೆ ಮತ್ತೆ ಬರುವ ಸ್ವಭಾವಕ್ಕೆ ಅಪಸ್ಮಾರ ಎನ್ನುತ್ತೇವೆ. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್ ವೈದ್ಯರು ಮನೆಮನೆಗೆ ಹೋಗಿ ಲಕ್ಷ ಜನರನ್ನು ನೋಡಿ ಮಾಡಿದ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 9 ಜನರಿಗೆ ಈ ಕಾಯಿಲೆ ಇತ್ತು. ನಗರದಲ್ಲಿ 6, ಹಳ್ಳಿಗಳಲ್ಲಿ 12. ನಿಮ್ಮ ಊರಿನಲ್ಲಿ ಐನೂರು ಮನೆಯಿದ್ದರೆ ಇಪ್ಪತ್ತು ಮೂವತ್ತು ಜನರಿಗೆ ಇದು ಇದೆ ಎಂದಾಯಿತು, ಹೇಳಿಕೊಳ್ಳದವರನ್ನೂ ಸೇರಿಸಿ. ಮದುವೆಯಾಗಬೇಕಾದ ಹುಡುಗಿಯ ಮನೆಯವರು ಹೇಳಿಕೊಳ್ಳುವುದಿಲ್ಲ. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ.

ಈಗ 1980ರ, 90ರ ದಶಕದ ನ್ಯೂಯಾರ್ಕಿಗೆ ಬನ್ನಿ. ಅಲ್ಲಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜೆರೋಮ್ ಪೋಸ್ನರ್ ಎಂಬ ಹಿರಿಯ ನರತಜ್ಞರಿದ್ದರು. ಕೆಲವು ರೋಗಿಗಳಿಗೆ ಕ್ಯಾನ್ಸರ್ ಇರುವುದು ಶ್ವಾಸಕೋಶದಲ್ಲಿ, ಆದರೆ ಹಾಳಾಗುವುದು ಮಿದುಳು. ಗೆಡ್ಡೆ ಮಿದುಳಿಗೆ ಹರಡಿರುವುದಿಲ್ಲ. ಆದರೂ ನೆನಪು ಹೋಗುತ್ತದೆ, ನಡಿಗೆ ಕೆಡುತ್ತದೆ. ಗೆಡ್ಡೆಯಲ್ಲಿ ಇರುವ ಯಾವುದೋ ಪ್ರೋಟೀನು ನರಕೋಶದಲ್ಲೂ ಇದೆ, ಗೆಡ್ಡೆಯ ಮೇಲೆ ಯುದ್ಧ ಸಾರಿದ ದೇಹ ಅದೇ ಗುರುತು ಹಿಡಿದು ನರಕೋಶದ ಮೇಲೂ ಬೀಳುತ್ತದೆ ಎಂದು ಪೋಸ್ನರ್ ತಂಡ ತೋರಿಸಿತು. ಈ ರೋಗಿಗಳ ರಕ್ತದಲ್ಲಿ ಸಿಕ್ಕಿದ ಪ್ರತಿಕಾಯಗಳಿಗೆ, ಅಂದರೆ ಶತ್ರುವನ್ನು ಗುರುತಿಸಿ ಅಂಟಿಕೊಳ್ಳಲು ದೇಹ ತಯಾರಿಸಿದ ಪ್ರೋಟೀನುಗಳಿಗೆ, ರೋಗಿಯ ಹೆಸರಿನ ಮೊದಲೆರಡು ಅಕ್ಷರವನ್ನೇ ಇಟ್ಟರು. ‘ಹು’, ‘ಯೋ’, ‘ರಿ’. ಪಂಡಿತರು ಲ್ಯಾಟಿನ್ನಿನಲ್ಲಿ ಹೆಸರಿಡುವ ಕ್ಷೇತ್ರದಲ್ಲಿ ರೋಗಿಯ ಹೆಸರಿನ ತುಣುಕು ಉಳಿದುಕೊಂಡದ್ದು ನನಗೆ ಇಷ್ಟವಾದ ಸಂಗತಿ.

ದಲ್ಮಾವ್ ಆ ಶಾಲೆಯಲ್ಲಿ ಪಳಗಿದವರು. ‘ಹು’ ಪ್ರತಿಕಾಯ ಇದ್ದ 71 ರೋಗಿಗಳ ವಿವರವನ್ನು 1992ರಲ್ಲಿ ಪ್ರಕಟಿಸಿದ ತಂಡದಲ್ಲಿ ಅವರಿದ್ದರು. ಆ ರೋಗಿಗಳ ಗತಿ ಮಾತ್ರ ಒಳ್ಳೆಯದಿರಲಿಲ್ಲ. ಅವರಲ್ಲಿ ನರಕೋಶಗಳೇ ಸಾಯುತ್ತಿದ್ದವು, ಸತ್ತದ್ದು ಹುಟ್ಟಿಬರುವುದಿಲ್ಲ. ಪ್ರತಿಕಾಯ ಸಿಕ್ಕಿತೆಂದರೆ ಕ್ಯಾನ್ಸರನ್ನು ಹುಡುಕಲು ದಾರಿಯಾಯಿತು ಎಂಬಷ್ಟೇ ಲಾಭ.

ಮುಂದೆ ಅವರು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ನಾಲ್ವರು ಯುವತಿಯರ ವಿವರ ಒಟ್ಟಾಯಿತು. ನಾಲ್ವರದ್ದೂ ಒಂದೇ ಕತೆ. ಮೊದಲು ಮನಸ್ಸು ಕೆಡುತ್ತದೆ. ಭಯ, ಅನುಮಾನ, ಇಲ್ಲದ್ದು ಕೇಳಿಸುವುದು. ಮನೋವೈದ್ಯರ ಹತ್ತಿರ ಕರೆದೊಯ್ಯುತ್ತಾರೆ. ಕೆಲವು ದಿನದಲ್ಲಿ ಫಿಟ್ಸ್. ನೆನಪು ಹೋಗುತ್ತದೆ, ಮಾತು ನಿಲ್ಲುತ್ತದೆ, ಕೊನೆಗೆ ಉಸಿರಾಟವೇ ಸೋತು ವೆಂಟಿಲೇಟರ್ ಹಚ್ಚಬೇಕಾಗುತ್ತದೆ. ನಾಲ್ವರ ಅಂಡಾಶಯದಲ್ಲೂ ಟೆರಟೋಮಾ ಎಂಬ ಗೆಡ್ಡೆ. ಇದು ವಿಚಿತ್ರ ಗೆಡ್ಡೆ. ಕೊಯ್ದರೆ ಒಳಗೆ ಕೂದಲು ಇರುತ್ತದೆ, ಹಲ್ಲು ಇರುತ್ತದೆ, ಒಮ್ಮೊಮ್ಮೆ ಮಿದುಳಿನ ಅಂಗಾಂಶವೂ ಇರುತ್ತದೆ. ಮೊದಲ ಸಲ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಇದನ್ನು ನೋಡಿದ ವಿದ್ಯಾರ್ಥಿ ಆ ದಿನ ಊಟ ಮಾಡುವುದಿಲ್ಲ. ನಾಲ್ವರಲ್ಲಿ ಮೂವರು ಚೇತರಿಸಿಕೊಂಡರು, ಒಬ್ಬಳು ಉಳಿಯಲಿಲ್ಲ. ಇದು 2005ರಲ್ಲಿ ಪ್ರಕಟವಾಯಿತು.

ಮೂವರು ಚೇತರಿಸಿಕೊಂಡರು ಎಂಬ ಆ ಒಂದು ಮಾತನ್ನು ದಲ್ಮಾವ್ ಬಿಡಲಿಲ್ಲ. ಪೋಸ್ನರ್ ಶಾಲೆಯ ಲೆಕ್ಕದ ಪ್ರಕಾರ ಅವರು ಚೇತರಿಸಿಕೊಳ್ಳಬಾರದಿತ್ತು. ಕೋಶ ಸತ್ತಿದ್ದರೆ ಮಾತು ಮರಳುತ್ತಿರಲಿಲ್ಲ. ಹಾಗಾದರೆ ಇಲ್ಲಿ ಕೋಶ ಸಾಯುತ್ತಿಲ್ಲ, ಬೇರೆ ಏನೋ ನಡೆಯುತ್ತಿದೆ.

ಅವರು ಕೆಲಸ ಮಾಡಿದ ಬಗೆ ಕೇಳಲು ಬಹಳ ಸರಳ. ಇಲಿಯ ಮಿದುಳನ್ನು ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಹೋಳು ಮಾಡಿ ಗಾಜಿನ ಮೇಲೆ ಹರಡುವುದು. ಅದರ ಮೇಲೆ ರೋಗಿಯ ಬೆನ್ನುಹುರಿಯಿಂದ ತೆಗೆದ ನೀರನ್ನು ಹಾಕುವುದು. ಆ ನೀರಿನಲ್ಲಿ ಮಿದುಳನ್ನು ಕಚ್ಚುವ ಪ್ರತಿಕಾಯ ಇದ್ದರೆ ಅದು ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ತೊಳೆದು, ಅಂಟಿದ್ದಕ್ಕೆ ಮಾತ್ರ ಹತ್ತುವ ಬಣ್ಣ ಕಟ್ಟಿಸಿದರೆ ಆ ಜಾಗ ಕಂದಾಗಿ ಕಾಣುತ್ತದೆ. ಈ ಹೆಣ್ಣುಮಕ್ಕಳ ನೀರು ಹಾಕಿದಾಗ ಕಂದು ಬಣ್ಣ ಹಿಪೊಕ್ಯಾಂಪಸ್ಸಿನಲ್ಲಿ ಗಾಢವಾಗಿ ಮೂಡಿತು. ನೆನಪು ಕಟ್ಟುವ ಜಾಗ ಅದು, ಫಿಟ್ಸ್ ಬಹಳ ಸಲ ಹುಟ್ಟುವ ಜಾಗವೂ ಅದೇ. ಇನ್ನೊಂದು ಮುಖ್ಯ ಸಂಗತಿ, ಬಣ್ಣ ಹತ್ತಿದ್ದು ಕೋಶದ ಒಳಗಲ್ಲ, ಹೊರಮೈಮೇಲೆ. ‘ಹು’ ಪ್ರತಿಕಾಯದ ಗುರಿ ಮನೆಯೊಳಗಿನ ಸಾಮಾನಾಗಿದ್ದರೆ ಇದರದ್ದು ಬಾಗಿಲು.

ಯಾವ ಬಾಗಿಲು? 2007ರಲ್ಲಿ ಉತ್ತರ ಬಂತು. ಎನ್‌ಎಂಡಿಎ ಗ್ರಾಹಕ. ಹೆಸರು ನೆನಪಿಡಬೇಕಾಗಿಲ್ಲ. ಒಂದು ಕೋಶ ಕಳಿಸಿದ ಸಂದೇಶವನ್ನು ಇನ್ನೊಂದು ಕೋಶ ಬರಮಾಡಿಕೊಳ್ಳುವ ಬಾಗಿಲು ಅದು, ಕಲಿಯುವುದಕ್ಕೂ ನೆನಪಿಡುವುದಕ್ಕೂ ಬೇಕೇ ಬೇಕು. ಕೆಟಮಿನ್ ಎಂಬ ಅರಿವಳಿಕೆ ಮದ್ದು ಇದೇ ಬಾಗಿಲನ್ನು ಮುಚ್ಚುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಕೆಟಮಿನ್ ಇಳಿಯುವಾಗ ರೋಗಿ ಎಷ್ಟು ಅಡ್ಡಾದಿಡ್ಡಿ ಮಾತಾಡುತ್ತಾನೆ, ಏನೇನು ಕಾಣುತ್ತಾನೆ ಎಂದು. ಈ ಯುವತಿಯರ ದೇಹ ಹಗಲೂ ರಾತ್ರಿ ತನ್ನದೇ ಕೆಟಮಿನ್ ತಯಾರಿಸುತ್ತಿತ್ತು ಎಂದರೂ ನಡೆದೀತು. 2007ರ ಆ ವರದಿಯಲ್ಲಿ ಇದ್ದವರು 12 ಹೆಂಗಸರು. ಗೆಡ್ಡೆ ತೆಗೆದು, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮದ್ದು ಕೊಟ್ಟ 9 ಜನರಲ್ಲಿ 8 ಮಂದಿ ಸುಧಾರಿಸಿದರು. ಗೆಡ್ಡೆ ತೆಗೆಯದೆ ಉಳಿದ ಮೂವರಲ್ಲಿ ಇಬ್ಬರು ತೀರಿಕೊಂಡರು.

ಮರುವರ್ಷ ಅದೇ ಕಾಯಿಲೆಯ 100 ರೋಗಿಗಳ ಲೆಕ್ಕ ಬಂತು. 91 ಹೆಂಗಸರು, ಸರಾಸರಿ ವಯಸ್ಸು 23. ನೂರರಲ್ಲಿ 76 ಜನರಿಗೆ ಫಿಟ್ಸ್ ಬಂದಿತ್ತು. 75 ಜನ ಪೂರ್ತಿ ಅಥವಾ ಬಹುಮಟ್ಟಿಗೆ ಗುಣವಾಗಿದ್ದರು. 2013ರ ಹೊತ್ತಿಗೆ ಸಂಖ್ಯೆ 577. ಎಂಟು ತಿಂಗಳ ಕೂಸಿನಿಂದ 85ರ ಮುದುಕರವರೆಗೆ ಎಲ್ಲ ವಯಸ್ಸಿನವರೂ ಇದ್ದರು. ಗೆಡ್ಡೆಯೇ ಇಲ್ಲದೆ ಬಂದವರು ಬಹಳ. ಮಕ್ಕಳಲ್ಲಂತೂ ಗೆಡ್ಡೆ ಅಪರೂಪ.

ಬಾಗಿಲಿಗೆ ಏನಾಗುತ್ತದೆ ಎಂಬುದನ್ನು ದಲ್ಮಾವ್ ತಂಡ 2010ರಲ್ಲಿ ತಟ್ಟೆಯಲ್ಲಿ ಬೆಳೆಸಿದ ಇಲಿಯ ನರಕೋಶಗಳಲ್ಲಿ ನೋಡಿತು. ಪ್ರತಿಕಾಯಕ್ಕೆ ಎರಡು ಕೈ. ಒಂದೊಂದು ಕೈಯಲ್ಲಿ ಒಂದೊಂದು ಗ್ರಾಹಕವನ್ನು ಹಿಡಿದು ಜೋಡಿ ಮಾಡುತ್ತದೆ. ಜೋಡಿ ಬಿದ್ದ ಗ್ರಾಹಕಗಳನ್ನು ಕೋಶ ಒಳಗೆಳೆದುಕೊಳ್ಳುತ್ತದೆ. ಮೈಮೇಲೆ ಬಾಗಿಲುಗಳು ವಿರಳವಾಗುತ್ತವೆ, ಕೋಶ ಮಾತ್ರ ಜೀವಂತ. ಪ್ರತಿಕಾಯವನ್ನು ತೊಳೆದು ತೆಗೆದರೆ ಕೆಲವು ದಿನಗಳಲ್ಲಿ ಬಾಗಿಲುಗಳು ಮರಳುತ್ತವೆ. ನನಗೆ ಇಡೀ ಕತೆಯಲ್ಲಿ ಮೈ ಜುಮ್ಮೆನಿಸುವ ಜಾಗ ಇದು. ತಿಂಗಳುಗಟ್ಟಲೆ ಐಸಿಯುನಲ್ಲಿ ಕಣ್ಣು ತೆರೆದುಕೊಂಡೇ ಕಲ್ಲಿನಂತೆ ಮಲಗಿದ್ದ ಹುಡುಗಿ ಮತ್ತೆ ಕಾಲೇಜಿಗೆ ಹೋದಳು ಎನ್ನುವುದರ ವಿವರಣೆ ಆ ತಟ್ಟೆಯಲ್ಲಿದೆ.

ನಿಮಗೊಂದು ಪ್ರಶ್ನೆ ಎದ್ದಿರಬಹುದು. ಆ ಬಾಗಿಲು ಕೋಶವನ್ನು ಕೆರಳಿಸುವ ಬಾಗಿಲಾದರೆ, ಅದು ಮುಚ್ಚಿದಾಗ ಮಿದುಳು ತಣ್ಣಗಾಗಬೇಕಲ್ಲ, ಫಿಟ್ಸ್ ಏಕೆ? ಮಿದುಳಿನಲ್ಲಿ ಉಳಿದವರನ್ನು ಸುಮ್ಮನಿರಿಸುವ ಕೋಶಗಳಿವೆ, ಗದ್ದಲದ ತರಗತಿಯ ಮಾನಿಟರ್ ಇದ್ದ ಹಾಗೆ. ಆ ಕೋಶಗಳನ್ನು ಎಚ್ಚರವಾಗಿಡುವುದೂ ಇದೇ ಬಾಗಿಲು. ಮಾನಿಟರೇ ತೂಕಡಿಸಿದರೆ ತರಗತಿಯ ಗತಿ ಏನು, ನೀವೇ ಊಹಿಸಿ. ಇದು ಈಗ ಹೆಚ್ಚಿನ ತಜ್ಞರು ಒಲಿದಿರುವ ವಿವರಣೆ, ವಾದ ಮುಗಿದಿಲ್ಲ.

ಈ ಕಾಯಿಲೆ ಲೋಕಕ್ಕೆ ಪರಿಚಯವಾದದ್ದು ವೈದ್ಯರ ಪತ್ರಿಕೆಗಳಿಂದಲ್ಲ, ಸುಸಾನಾ ಕ್ಯಾಹಲನ್ ಎಂಬ ಪತ್ರಕರ್ತೆಯಿಂದ. 2009ರಲ್ಲಿ ಆಕೆಗೆ 24 ವರ್ಷ, ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ ವರದಿಗಾರ್ತಿ. ಮನೆಯಲ್ಲಿ ತಿಗಣೆ ತುಂಬಿದೆ ಎಂಬ ಭ್ರಮೆಯಿಂದ ಶುರುವಾಗಿ ಫಿಟ್ಸ್, ಹುಚ್ಚಾಟ, ಕೊನೆಗೆ ಮೌನ. ಆಸ್ಪತ್ರೆಯಲ್ಲಿ ಒಂದು ತಿಂಗಳು. ಮಾಡಿದ ಪರೀಕ್ಷೆಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದವು. ಸುಹೇಲ್ ನಜ್ಜಾರ್ ಎಂಬ ಸಿರಿಯಾ ಮೂಲದ ವೈದ್ಯರು ಬಂದು ಅವಳ ಕೈಗೆ ಒಂದು ಹಾಳೆ ಕೊಟ್ಟು ಗಡಿಯಾರ ಬರಿ ಎಂದರು. ವೃತ್ತ ಬರೆದಳು. ಒಂದರಿಂದ ಹನ್ನೆರಡರವರೆಗೆ ಎಲ್ಲ ಅಂಕಿಗಳನ್ನೂ ಬಲ ಅರ್ಧದಲ್ಲೇ ತುರುಕಿದಳು. ಎಡ ಅರ್ಧ ಖಾಲಿ. ಬರಿ ಮನಸ್ಸಿನ ಕಾಯಿಲೆಯಾದರೆ ಗಡಿಯಾರದ ಅರ್ಧ ಮಾಯವಾಗುವುದಿಲ್ಲ, ಮಿದುಳಿನ ಬಲಭಾಗ ಉರಿಯುತ್ತಿದೆ ಎಂದು ಅವರಿಗೆ ಹೊಳೆಯಿತು. ಲಕ್ಷಾಂತರ ಡಾಲರಿನ ಯಂತ್ರಗಳು ಹೇಳದ್ದನ್ನು ಪೆನ್ನು ಮತ್ತು ಹಾಳೆ ಹೇಳಿತು. ಮಾದರಿ ದಲ್ಮಾವ್ ಪ್ರಯೋಗಾಲಯಕ್ಕೆ ಹೋಯಿತು, ಉತ್ತರ ಬಂತು. ತಾನು ಈ ಕಾಯಿಲೆ ಪತ್ತೆಯಾದ 217ನೆಯವಳು ಎಂದು ಆಕೆ 2012ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾಳೆ.

ಆ ಎಣಿಕೆ ಶುರುವಾಗುವುದಕ್ಕಿಂತ ಮೊದಲಿನವರ ಲೆಕ್ಕ ಇಟ್ಟವರು ಯಾರು? ನಾನು ಹೌಸ್ ಸರ್ಜನ್ ಆಗಿದ್ದ ಕಾಲದ ಒಂದು ಹುಡುಗಿಯನ್ನು ಮರೆತಿಲ್ಲ. ಹತ್ತೊಂಬತ್ತು ವರ್ಷ, ಮದುವೆ ಗೊತ್ತಾಗಿತ್ತು. ಎರಡು ವಾರ ಏನೇನೋ ಮಾತಾಡಿದಳಂತೆ, ನಕ್ಕಳಂತೆ, ಒಂದು ದೇವಸ್ಥಾನಕ್ಕೆ ಕರೆದೊಯ್ದು ಮೂರು ಅಮಾವಾಸ್ಯೆಯ ಹರಕೆ ಹೊತ್ತರಂತೆ. ಫಿಟ್ಸ್ ಬಂದ ಮೇಲೆ ನಮ್ಮಲ್ಲಿಗೆ ತಂದರು. ಮಾತಿಲ್ಲ. ಬಾಯಿ ಮಾತ್ರ ಎಲೆಯಡಿಕೆ ಮೆಲ್ಲುವ ಹಾಗೆ ಹಗಲೂ ರಾತ್ರಿ ಆಡುತ್ತಲೇ ಇತ್ತು. ಪಕ್ಕದಲ್ಲಿ ಕೂತ ಅಜ್ಜಿ ನನಗೆ ಹೇಳಿದಳು: “ನಮ್ಮತ್ತೆ ಹಿಂಗೇ ಮೆಲ್ತಾ ಕೂತಿರೋರು ಸ್ವಾಮಿ. ಅವರೇ ಬಂದವ್ರೆ.” ನಾನು ಅಜ್ಜಿಯ ಮಾತಿಗೆ ಒಳಗೊಳಗೇ ನಕ್ಕೆ. ಹನ್ನೊಂದನೆಯ ದಿನ ಹುಡುಗಿ ಹೋದಳು. ಕಾಗದದ ಮೇಲೆ ‘ವೈರಲ್ ಎನ್ಸೆಫಲೈಟಿಸ್’ ಎಂದು ಬರೆದೆ. ವೈರಸ್ಸನ್ನು ನಾನೂ ಕಂಡಿರಲಿಲ್ಲ, ಅಜ್ಜಿ ಅತ್ತೆಯನ್ನು ಕಂಡಷ್ಟು ಕೂಡ. ತುಟಿ ನಾಲಿಗೆ ದವಡೆ ಹೀಗೆ ಬಿಡದೆ ಆಡುವುದು ಈ ಕಾಯಿಲೆಯ ದೊಡ್ಡ ಗುರುತು ಎಂದು ಓದಿದ್ದು ಇಪ್ಪತ್ತು ವರ್ಷದ ಮೇಲೆ. ಅವಳಿಗೆ ಇದ್ದದ್ದು ಇದೇ ಎಂದು ಈಗ ಸಾಧಿಸಲಾರೆ. ಗೆಡ್ಡೆ ಇದೆಯೇ ಎಂದು ಯಾರೂ ಹೊಟ್ಟೆ ನೋಡಿರಲಿಲ್ಲ.

ಇನ್ನು ಅಪಸ್ಮಾರ ಎಂಬ ಪದಕ್ಕೆ ಬರುತ್ತೇನೆ. ಸ್ಮರಣೆ ತಪ್ಪುವುದು ಅಪಸ್ಮಾರ. ನಟರಾಜನ ಪಾದದಡಿ ಬಿದ್ದಿರುವ ಕುಳ್ಳನ ಹೆಸರೂ ಅದೇ. ಈ ಹೆಸರಿಗೆ ತಕ್ಕ ಕಾಯಿಲೆಯೊಂದು ಈ ಸಂಶೋಧನೆಗಳಿಂದ ಹೊರಬಂತು. ಅರವತ್ತು ದಾಟಿದ ಗಂಡಸರಲ್ಲಿ ಹೆಚ್ಚು. ಒಂದೇ ಪಕ್ಕದ ಕೆನ್ನೆ ಮತ್ತು ತೋಳು ಒಟ್ಟಿಗೆ ಚಕ್ಕನೆ ಸೆಟೆದು ಬಿಡುತ್ತದೆ, ಎರಡು ಮೂರು ಸೆಕೆಂಡು ಅಷ್ಟೇ. ಕೈಲಿದ್ದ ಕಾಫಿ ಲೋಟ ಬೀಳುತ್ತದೆ. ದಿನಕ್ಕೆ ಹತ್ತಾರು ಸಲ. ಮನೆಯವರು ವಾಯು ಎನ್ನುತ್ತಾರೆ, ಕೆಲವು ವೈದ್ಯರೂ ಎನ್ನುತ್ತಾರೆ. ರಕ್ತದಲ್ಲಿ ಸೋಡಿಯಂ ಇಳಿದಿರುತ್ತದೆ. ಕೆಲವು ವಾರದಲ್ಲಿ ನೆನಪು ಕರಗಲು ಶುರು, ನಿನ್ನೆ ಬಂದ ಮಗಳು ಬಂದೇ ಇಲ್ಲ ಎನ್ನುತ್ತಾರೆ. ಆಕ್ಸ್‌ಫರ್ಡಿನ ಏಂಜೆಲಾ ವಿನ್ಸೆಂಟ್ ತಂಡ ಮತ್ತು ದಲ್ಮಾವ್ ತಂಡ ಎರಡೂ 2010ರಲ್ಲಿ ಇಲ್ಲಿ ಪ್ರತಿಕಾಯದ ಗುರಿ ಎಲ್‌ಜಿಐ1 ಎಂಬ ಪ್ರೋಟೀನು ಎಂದು ತೋರಿಸಿದವು. ಚೋದ್ಯ ನೋಡಿ, ಇದೇ ಪ್ರೋಟೀನಿನ ಜೀನು ಕೆಟ್ಟರೆ ವಂಶಪಾರಂಪರ್ಯದ ಒಂದು ಬಗೆಯ ಅಪಸ್ಮಾರ ಬರುತ್ತದೆ ಎಂದು 2002ರಲ್ಲೇ ತಿಳಿದಿತ್ತು. ಜೀನಿನಿಂದ ಕಳೆದುಕೊಂಡರೂ ಫಿಟ್ಸ್, ಪ್ರತಿಕಾಯದಿಂದ ಕಳೆದುಕೊಂಡರೂ ಫಿಟ್ಸ್. ಇವರಿಗೆ ಸಾಮಾನ್ಯ ಫಿಟ್ಸ್ ಮಾತ್ರೆ ಅಷ್ಟಾಗಿ ಹತ್ತುವುದಿಲ್ಲ. ಸ್ಟೀರಾಯ್ಡ್ ಕೊಟ್ಟರೆ ನಿಲ್ಲುತ್ತದೆ, ಬೇಗ ಕೊಟ್ಟರೆ ನೆನಪೂ ಉಳಿಯುತ್ತದೆ.

2017ರಲ್ಲಿ ಅಂತಾರಾಷ್ಟ್ರೀಯ ಅಪಸ್ಮಾರ ಸಂಘಟನೆ ಕಾಯಿಲೆಯ ಕಾರಣಗಳನ್ನು ಹೊಸದಾಗಿ ವಿಂಗಡಿಸಿದಾಗ ‘ರೋಗನಿರೋಧಕ ವ್ಯವಸ್ಥೆ’ಗೆ ತನ್ನದೇ ಒಂದು ಖಾನೆ ಸಿಕ್ಕಿತು. ಅಲ್ಲಿಂದ ಒಂದು ಅವಸರವೂ ಹುಟ್ಟಿಕೊಂಡಿತು, ಎಲ್ಲ ಫಿಟ್ಸಿಗೂ ಪ್ರತಿಕಾಯ ಹುಡುಕುವ ಅವಸರ. ಇಲ್ಲಿ ನನಗೆ 1994ರ ಒಂದು ಪಾಠ ನೆನಪಾಗುತ್ತದೆ. ರಾಸ್ಮುಸೆನ್ ಎಂಬುವರ ಹೆಸರಿನ, ಮಕ್ಕಳ ಮಿದುಳಿನ ಒಂದು ಅರ್ಧವನ್ನು ಮಾತ್ರ ತಿನ್ನುವ ಘೋರ ಕಾಯಿಲೆಯೊಂದಿದೆ. ಅಮೆರಿಕದ ಯೂಟಾದಲ್ಲಿ ಬೇರೆ ಉದ್ದೇಶಕ್ಕೆ ಒಂದು ಗ್ರಾಹಕದ ತುಣುಕನ್ನು ಮೊಲಗಳಿಗೆ ಚುಚ್ಚಿದಾಗ ಕೆಲವು ಮೊಲಗಳಿಗೆ ಫಿಟ್ಸ್ ಬಂತು, ಮಿದುಳು ಆ ಮಕ್ಕಳ ಮಿದುಳಿನ ಹಾಗೆ ಕಂಡಿತು. ಆ ಪ್ರತಿಕಾಯ ಮಕ್ಕಳ ರಕ್ತದಲ್ಲೂ ಸಿಕ್ಕಿತು. ಕಳ್ಳ ಸಿಕ್ಕಿಬಿದ್ದ ಎಂದು ಎಲ್ಲರೂ ಕುಣಿದರು. ಆಮೇಲೆ ನೋಡಿದರೆ ಅದೇ ಪ್ರತಿಕಾಯ ಬೇರೆ ಬಗೆಯ ಅಪಸ್ಮಾರದವರಲ್ಲೂ ಇದೆ, ಆ ಕಾಯಿಲೆಯ ಬಹಳ ಮಕ್ಕಳಲ್ಲಿ ಇಲ್ಲವೇ ಇಲ್ಲ. ನರಕೋಶಗಳನ್ನು ಕೊಲ್ಲುತ್ತಿದ್ದದ್ದು ಕಾವಲುಪಡೆಯ ಟಿ-ಕೋಶಗಳು ಎಂದು ಮುಂದೆ ತಿಳಿಯಿತು. ಕಳುವಾದ ಮನೆಯ ಮುಂದೆ ನಿಂತವನೆಲ್ಲ ಕಳ್ಳನಲ್ಲ. ದಲ್ಮಾವ್ ತಮ್ಮ ಪ್ರತಿಕಾಯವನ್ನು ಕಂಡ ಮೇಲೆ, ಅದು ಏನು ಮಾಡುತ್ತದೆ, ತೆಗೆದರೆ ಏನಾಗುತ್ತದೆ ಎಂದು ಮೂರು ವರ್ಷ ಕೂತು ನೋಡಿದ್ದಕ್ಕೆ ಬೆಲೆ ಇರುವುದು ಇಲ್ಲಿ.

ಪ್ರತಿಕಾಯವೇ ಇಲ್ಲದ ಫಿಟ್ಸಿನಲ್ಲೂ ಕಾವಲುಪಡೆಯ ಕೈ ಇರುವುದುಂಟು. ಮಿಲಾನಿನ ಮಾರಿಯೋ ನೆಗ್ರಿ ಸಂಸ್ಥೆಯ ಅನ್ನಾಮರಿಯಾ ವೆಜ್ಜಾನಿ ಇಲಿಗಳಲ್ಲಿ ತೋರಿಸಿದ್ದು ಇದನ್ನು. ಫಿಟ್ಸ್ ಬಂದಾಗ ಮಿದುಳಿನ ಒಳಗಾವಲಿನ ಕೋಶಗಳು ಕೆರಳಿ ಉರಿಯೂತದ ರಾಸಾಯನಿಕ ಸುರಿಸುತ್ತವೆ, ಅದು ಮುಂದಿನ ಫಿಟ್ಸನ್ನು ಉದ್ದ ಮಾಡುತ್ತದೆ. ಆ ರಾಸಾಯನಿಕವನ್ನು ತಡೆದರೆ ಫಿಟ್ಸ್ ಕುಗ್ಗುತ್ತದೆ. ಇಲಿಯಲ್ಲಿ ಸಿಕ್ಕಿದ ಗೆಲುವು ಮನುಷ್ಯರ ಮಾತ್ರೆಯಾಗಿ ಇನ್ನೂ ಅಂಗಡಿಗೆ ಬಂದಿಲ್ಲ. ನಮ್ಮ ದೇಶದಲ್ಲಿ ಇದಕ್ಕೊಂದು ಮನೆಯಂಗಳದ ಉದಾಹರಣೆ ಲಾಡಿಹುಳುವಿನ ಮರಿ. ಮಿದುಳಿನಲ್ಲಿ ಅದು ಬದುಕಿರುವಷ್ಟು ದಿನ ಕಾವಲಿನ ಕಣ್ಣಿಗೆ ಮಣ್ಣೆರಚಿ ಸುಮ್ಮನಿರುತ್ತದೆ. ಸಾಯುವಾಗ ದೇಹ ಗುರುತು ಹಿಡಿದು ಮುತ್ತಿಗೆ ಹಾಕುತ್ತದೆ, ಆಗ ಫಿಟ್ಸ್. ಅದಕ್ಕೇ ಹುಳುವಿನ ಮದ್ದಿನ ಜೊತೆ ಸ್ಟೀರಾಯ್ಡನ್ನೂ ಕೊಡುತ್ತೇವೆ. ಹಂದಿ ಮಾಂಸ ತಿನ್ನದ ನಮಗೇಕೆ ಬಂತು ಎಂದು ಕೇಳುವವರಿದ್ದಾರೆ. ಮೊಟ್ಟೆ ಬರುವುದು ಮಲ ಸೋಕಿದ ನೀರಿನಲ್ಲಿ, ತೊಳೆಯದ ಸೊಪ್ಪಿನಲ್ಲಿ, ತೊಳೆಯದ ಕೈಯಲ್ಲಿ.

ಈ ಭಾಷಣ ಕೇಳಿ ಯಾರೂ ನಾಳೆ ತಮ್ಮ ಫಿಟ್ಸ್ ಮಾತ್ರೆ ನಿಲ್ಲಿಸಬಾರದು. ಅಪಸ್ಮಾರದವರಲ್ಲಿ ಹೆಚ್ಚಿನವರಿಗೆ ಈ ಪ್ರತಿಕಾಯಗಳಿಗೂ ಕಾಯಿಲೆಗೂ ಸಂಬಂಧವಿಲ್ಲ, ಹತ್ತರಲ್ಲಿ ಏಳು ಜನರಿಗೆ ಸರಿಯಾದ ಮಾತ್ರೆ ತಪ್ಪದೆ ನುಂಗಿದರೆ ಫಿಟ್ಸ್ ನಿಲ್ಲುತ್ತದೆ. ಅನುಮಾನ ಪಡಬೇಕಾದ್ದು ಬೇರೆ ಚಿತ್ರ ಕಂಡಾಗ. ನೆನ್ನೆಯವರೆಗೆ ಚೆನ್ನಾಗಿದ್ದವರು ಕೆಲವೇ ವಾರದಲ್ಲಿ ಮನಸ್ಸು ಕೆಟ್ಟು, ಅದರ ಬೆನ್ನಿಗೇ ಫಿಟ್ಸ್ ಬಂದು, ಮಾತು ಕಡಿಮೆಯಾಗಿ, ಬಾಯಿ ಕೈ ತಾವಾಗಿ ಆಡತೊಡಗಿದರೆ, ಎಂಆರ್‌ಐ ಸರಿಯಾಗಿದೆ ಎಂದು ಮನೆಗೆ ಕಳಿಸಬೇಡಿ, ಮನೆಗೆ ಕರೆದೊಯ್ಯಬೇಡಿ. ಹರ್ಪಿಸ್ ವೈರಸ್ಸಿನ ಮಿದುಳು ಜ್ವರದಿಂದ ಚೇತರಿಸಿಕೊಂಡ ಮಗು ಒಂದೆರಡು ತಿಂಗಳೊಳಗೆ ಮತ್ತೆ ಹದಗೆಟ್ಟರೂ ಇದನ್ನು ನೆನೆಯಬೇಕು, ಏಕೆಂದರೆ ವೈರಸ್ ಒಡೆದ ಗೋಡೆಯಿಂದ ಕಾವಲುಗಾರನಿಗೆ ಗರ್ಭಗುಡಿ ಕಂಡಿರುತ್ತದೆ. ಪ್ರತಿಕಾಯದ ಪರೀಕ್ಷೆ ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಆಗುತ್ತದೆ, ಫಿಲಡೆಲ್ಫಿಯಾಕ್ಕೆ ಕಳಿಸುವ ಕಾಲ ಹೋಯಿತು. ಹರಕೆ ಹೊರಬೇಡಿ ಎಂದು ನಾನು ಹೇಳುವುದಿಲ್ಲ. ಮೂರು ಅಮಾವಾಸ್ಯೆ ಕಾಯಬೇಡಿ ಎನ್ನುತ್ತೇನೆ.

ಹೋಗುವ ಮುನ್ನ ಒಂದು ಕರಡಿಯ ಕತೆ. ಬರ್ಲಿನ್ ಮೃಗಾಲಯದಲ್ಲಿ ಕ್ನೂಟ್ ಎಂಬ ಹಿಮಕರಡಿ ಇತ್ತು. ಹೆತ್ತ ತಾಯಿ ದೂರ ತಳ್ಳಿದ ಮರಿ, ಪಾಲಕ ಬಾಟಲಿ ಹಾಲು ಕುಡಿಸಿ ಸಾಕಿದ, ಇಡೀ ಜರ್ಮನಿ ಮುದ್ದಾಡಿತು. 2011ರ ಮಾರ್ಚ್ 19ರಂದು, ನಾಲ್ಕು ವರ್ಷದ ಕ್ನೂಟ್ ನೂರಾರು ಜನ ನೋಡುತ್ತಿದ್ದ ಹಾಗೇ ಫಿಟ್ಸ್ ಬಂದು ಗಿರಗಿರನೆ ತಿರುಗಿ ಕೊಳಕ್ಕೆ ಬಿದ್ದು ಮುಳುಗಿತು. ಮಿದುಳಿನಲ್ಲಿ ಉರಿಯೂತ ಇತ್ತು. ವೈರಸ್ಸಿರಬೇಕು ಎಂದು ವರ್ಷಗಟ್ಟಲೆ ಹುಡುಕಿದರು, ಒಂದೂ ಸಿಗಲಿಲ್ಲ. ಅದರ ಚರ್ಮ ಅಷ್ಟರಲ್ಲಿ ಬರ್ಲಿನ್ನಿನ ವಸ್ತುಸಂಗ್ರಹಾಲಯ ಸೇರಿತ್ತು. ಹರಾಲ್ಡ್ ಪ್ರ್ಯೂಸ್ ಎಂಬ ನರರೋಗ ವೈದ್ಯರು, ಇದೇ ಪ್ರತಿಕಾಯಗಳ ಮೇಲೆ ಕೆಲಸ ಮಾಡುತ್ತಿದ್ದವರು, ಕ್ನೂಟ್‌ನ ಸಾವಿನ ತನಿಖೆಯ ವರದಿಯನ್ನು ಓದಿ ನಮ್ಮ ರೋಗಿಗಳೂ ಹೀಗೇ ಅಲ್ಲವೇ ಎಂದುಕೊಂಡು ಪ್ರಾಣಿತಜ್ಞರನ್ನು ಸಂಪರ್ಕಿಸಿದರು. ಕ್ನೂಟ್‌ನ ಬೆನ್ನುಹುರಿಯ ನೀರನ್ನು ಅವರು ಎಸೆದಿರಲಿಲ್ಲ. ಅದನ್ನು ತೆಗೆದು ಇಲಿಯ ಮಿದುಳಿನ ಹೋಳಿನ ಮೇಲೆ ಹಾಕಿದರು. ಹಿಪೊಕ್ಯಾಂಪಸ್ಸಿನಲ್ಲಿ ಅದೇ ಗುರುತು ಮೂಡಿತು.